ಐಆರ್ ತಜ್ಞರಿಗೆ ಹೊರದೇಶದ ಸ್ವಯಂಸೇವೆ: ಟಾಂಜಾನಿಯಾದ ಉದಾಹರಣೆಯೊಂದಿಗೆ ಒಂದು ಮಾರ್ಗದರ್ಶಿ

ಡಿಎಂ ಅಥವಾ ಫೆಲೋಶಿಪ್ ಮುಗಿಸಿ ಐದಾರು ವರ್ಷ ಕೆಲಸ ಮಾಡಿದ ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್‌ಗಳಿಂದಲೂ, ಕ್ಯಾಥ್‌ಲ್ಯಾಬಿನ ನರ್ಸ್ ಮತ್ತು ಟೆಕ್ನಾಲಜಿಸ್ಟ್‌ಗಳಿಂದಲೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: "ಆಫ್ರಿಕಾದಲ್ಲೋ ನೇಪಾಳದಲ್ಲೋ ಎರಡು ವಾರ ಸೇವೆ ಮಾಡಬೇಕೆಂದಿದ್ದೇನೆ. ಯಾರನ್ನು ಕೇಳಬೇಕು, ಏನೇನು ಸಿದ್ಧ ಮಾಡಿಕೊಳ್ಳಬೇಕು?" ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಹಂತಹಂತವಾಗಿ ಇಲ್ಲಿ ಬರೆದಿದ್ದೇನೆ. ಒಂದೊಂದು ದೇಶದ ನಿಯಮ ಒಂದೊಂದು ರೀತಿ ಇರುವುದರಿಂದ ಸಾಮಾನ್ಯ ಸಲಹೆಗಳಷ್ಟೇ ಸಾಲುವುದಿಲ್ಲ. ಆದ್ದರಿಂದ ಐಆರ್ ಸಹಯೋಗ ಚೆನ್ನಾಗಿ ಬೇರೂರಿರುವ ಟಾಂಜಾನಿಯಾವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಈ ಕ್ಷೇತ್ರದವರಲ್ಲದ ಓದುಗರಿಗಾಗಿ ಎರಡು ಮಾತು. ಅಲ್ಟ್ರಾಸೌಂಡ್, ಸಿಟಿ ಅಥವಾ ಎಕ್ಸ್‌ರೇ ಚಿತ್ರವನ್ನು ನೋಡುತ್ತಲೇ ಸೂಜಿ, ತಂತಿ ಮತ್ತು ಕ್ಯಾತೆಟರ್ ಎಂಬ ಸಪೂರ ನಳಿಕೆಗಳನ್ನು ದೇಹದೊಳಗೆ ಸಾಗಿಸಿ ಚಿಕಿತ್ಸೆ ನೀಡುವ ವಿಭಾಗಕ್ಕೆ ಇಂಟರ್‌ವೆನ್ಷನಲ್ ರೇಡಿಯಾಲಜಿ, ಚಿಕ್ಕದಾಗಿ ಐಆರ್, ಎನ್ನುತ್ತಾರೆ. ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ಸೂಜಿಯ ಮೂಲಕ ತಂತಿ, ತಂತಿಯ ಮೇಲೆ ನಳಿಕೆ ಎಂಬ ವಿಧಾನವನ್ನು ಪ್ರಕಟಿಸಿದರು. ಅಮೆರಿಕದ ಚಾರ್ಲ್ಸ್ ಡಾಟರ್ 1964ರಲ್ಲಿ ಕಾಲಿನ ಕಿರಿದಾದ ರಕ್ತನಾಳವನ್ನು ಶಸ್ತ್ರಚಿಕಿತ್ಸೆಯಿಲ್ಲದೆ ಹಿಗ್ಗಿಸಿದರು. ದೊಡ್ಡ ಗಾಯವಿಲ್ಲದೆ, ಹಲವು ಸಲ ಪೂರ್ಣ ಅರಿವಳಿಕೆಯೂ ಇಲ್ಲದೆ ಮುಗಿಯುವ ಈ ಚಿಕಿತ್ಸೆಗಳು ಶಸ್ತ್ರಚಿಕಿತ್ಸಾ ಸೌಲಭ್ಯ ಕಡಿಮೆಯಿರುವ ಕಡೆಯೇ ಹೆಚ್ಚು ಉಪಯುಕ್ತ. ಆದರೆ ಅವು ತೀರಾ ವಿರಳವಾಗಿರುವುದೂ ಅಲ್ಲಿಯೇ.

1. ನೀವು ಏನನ್ನು ಕಲಿಸಬಲ್ಲಿರಿ ಎಂಬುದನ್ನು ಬರೆದುಕೊಳ್ಳಿ

ಅರ್ಜಿಯಲ್ಲಿ ಎಲ್ಲರೂ ತಾವು ಮಾಡಬಲ್ಲ ಚಿಕಿತ್ಸೆಗಳ ಉದ್ದನೆಯ ಪಟ್ಟಿ ಕೊಡುತ್ತಾರೆ. ಆದರೆ ಆತಿಥೇಯ ಆಸ್ಪತ್ರೆಗೆ ಬೇಕಾಗಿರುವುದು ಬೇರೊಬ್ಬರ ಕೈಯಲ್ಲಿ ಮಾಡಿಸಬಲ್ಲವರು. ನೀವು ಪಕ್ಕದಲ್ಲಿ ನಿಂತು, ಕೈ ಚಾಚದೆ, ಬಾಯಿಮಾತಿನಲ್ಲೇ ಕಿರಿಯರೊಬ್ಬರಿಂದ ಸುರಕ್ಷಿತವಾಗಿ ಮಾಡಿಸಬಹುದಾದ ಚಿಕಿತ್ಸೆಗಳಷ್ಟನ್ನೇ ಒಂದು ಹಾಳೆಯಲ್ಲಿ ಬರೆಯಿರಿ. ಆ ಪಟ್ಟಿ ಚಿಕ್ಕದಾದರೆ ಬೇಸರ ಬೇಡ. ಅಲ್ಟ್ರಾಸೌಂಡ್ ನೆರವಿನ ಬಯಾಪ್ಸಿ (ಪರೀಕ್ಷೆಗಾಗಿ ಅಂಗದ ಸಣ್ಣ ತುಣುಕು ತೆಗೆಯುವುದು), ಕೀವು ತೆಗೆಯುವ ಡ್ರೈನೇಜ್ ಮತ್ತು ನೆಫ್ರಾಸ್ಟಮಿ, ಈ ಮೂರನ್ನು ಚೆನ್ನಾಗಿ ಕಲಿಸಬಲ್ಲವರಿಗೆ ಎಲ್ಲೆಡೆ ಸ್ವಾಗತವಿದೆ. ನೆಫ್ರಾಸ್ಟಮಿ ಎಂದರೆ ಮೂತ್ರನಾಳ ಕಟ್ಟಿಕೊಂಡಾಗ ಬೆನ್ನಿನ ಕಡೆಯಿಂದ ಮೂತ್ರಪಿಂಡಕ್ಕೆ ನಳಿಕೆ ಹಾಕಿ ಮೂತ್ರವನ್ನು ಹೊರಗೆ ಹರಿಸುವುದು.

ಇನ್ನೂ ತರಬೇತಿಯಲ್ಲಿರುವವರು ಒಬ್ಬರೇ ಹೊರಡಬೇಡಿ, ಹಿರಿಯರೊಬ್ಬರ ತಂಡದಲ್ಲಿ ಸೇರಿಕೊಳ್ಳಿ. ನಿಮ್ಮ ಊರಿನಲ್ಲಿ ಸ್ವತಂತ್ರವಾಗಿ ಮಾಡಲು ಅನುಮತಿಯಿಲ್ಲದ ಚಿಕಿತ್ಸೆಯನ್ನು ಬಡದೇಶದ ರೋಗಿಯ ಮೇಲೆ ಅಭ್ಯಾಸ ಮಾಡುವುದಕ್ಕೆ ಸೇವೆ ಎಂಬ ಹೆಸರು ಸಲ್ಲದು. ನರ್ಸ್ ಮತ್ತು ಟೆಕ್ನಾಲಜಿಸ್ಟ್‌ಗಳ ಅರ್ಜಿ ಬರುವುದೇ ಕಡಿಮೆ, ಅವರ ಅಗತ್ಯವಂತೂ ವೈದ್ಯರಷ್ಟೇ ಇದೆ. ಸ್ಟೆರೈಲ್ ಟ್ರೇ ಜೋಡಿಸುವುದನ್ನೂ, ಚಿಕಿತ್ಸೆಯ ನಡುವೆ ನಾಡಿ ಮತ್ತು ಆಮ್ಲಜನಕದ ಮಟ್ಟವನ್ನು ಗಮನಿಸುವುದನ್ನೂ, ಸಾಮಗ್ರಿಯ ಲೆಕ್ಕವಿಡುವುದನ್ನೂ ಕಲಿಸುವವರು ಅವರೇ.

2. ತಂಡವನ್ನು ಆರಿಸಿ

ಒಂಟಿಯಾಗಿ ಆಸ್ಪತ್ರೆಯೊಂದಕ್ಕೆ ಇಮೇಲ್ ಬರೆದು ಹೊರಟುಬಿಡುವುದಕ್ಕಿಂತ ಈಗಾಗಲೇ ನಡೆಯುತ್ತಿರುವ ಕಾರ್ಯಕ್ರಮಕ್ಕೆ ಸೇರುವುದು ಮೇಲು.

ರೋಡ್‌ಟುಐಆರ್ ಎಂಬುದು ಇವುಗಳಲ್ಲಿ ನಾನು ಮೊದಲು ಹೇಳುವ ಹೆಸರು. ಟಾಂಜಾನಿಯಾದಲ್ಲಿ ಐಆರ್ ತಜ್ಞರೇ ಇಲ್ಲದಿದ್ದ ಕಾಲದಲ್ಲಿ, 2018ರಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದೊಂದಿಗೆ ನಂಟಿದ್ದ ವೈದ್ಯರೂ ದಾರ್ ಎಸ್ ಸಲಾಮ್‌ನ ಮುಹಿಂಬಿಲಿ ರಾಷ್ಟ್ರೀಯ ಆಸ್ಪತ್ರೆಯವರೂ ಸೇರಿ ಇದನ್ನು ಆರಂಭಿಸಿದರು. ವೈದ್ಯ, ನರ್ಸ್ ಮತ್ತು ಟೆಕ್ನಾಲಜಿಸ್ಟ್ ಇರುವ ತಂಡಗಳು ಸರದಿಯಂತೆ ಅಲ್ಲಿಗೆ ಹೋಗಿ, ಸಾಮಾನ್ಯವಾಗಿ ಎರಡು ವಾರವಿದ್ದು ಸ್ಥಳೀಯ ವೈದ್ಯರಿಗೆ ಕಲಿಸುತ್ತವೆ. 2019ರಲ್ಲಿ ಮುಹಿಂಬಿಲಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ ಐಆರ್‌ಗಾಗಿಯೇ ಎರಡು ವರ್ಷದ ಎಂಎಸ್ಸಿ ಕೋರ್ಸ್ ತೆರೆಯಿತು. 2021ರಲ್ಲಿ ಮೊದಲ ತಂಡ ತೇರ್ಗಡೆಯಾಯಿತು. ಕಲಿತವರು ಅಲ್ಲಿಯೇ ಉಳಿದು ಮುಂದಿನವರಿಗೆ ಕಲಿಸುವುದೇ ಈ ವ್ಯವಸ್ಥೆಯ ತಿರುಳು. ಶಿಬಿರ ಮಾಡಿ, ಫೋಟೊ ತೆಗೆಸಿಕೊಂಡು, ನೂರು ರೋಗಿಗಳ ಲೆಕ್ಕ ಕೊಟ್ಟು ಮರಳುವ ಕಾರ್ಯಕ್ರಮಗಳೂ ಬೇಕಾದಷ್ಟಿವೆ. ಎರಡರ ನಡುವೆ ಆಯ್ಕೆಯಿದ್ದರೆ ಕೋರ್ಸಿನ ಜೊತೆ ಬೆಸೆದುಕೊಂಡಿರುವುದನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಖಚಿತ ಅಭಿಪ್ರಾಯ.

ರ‍್ಯಾಡ್-ಏಡ್ ಇಂಟರ್‌ನ್ಯಾಷನಲ್ 2008ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಹುಟ್ಟಿದ ಸಂಸ್ಥೆ. ಇದರ ವ್ಯಾಪ್ತಿ ಐಆರ್‌ಗಿಂತ ದೊಡ್ಡದು, ಇಡೀ ರೇಡಿಯಾಲಜಿ. ಒಂದು ಆಸ್ಪತ್ರೆಗೆ ಕೈ ಹಾಕುವ ಮುನ್ನ ಅಲ್ಲಿನ ವಿದ್ಯುತ್ತು, ಯಂತ್ರ, ಸಿಬ್ಬಂದಿ ಮತ್ತು ಇಂಟರ್‌ನೆಟ್ಟನ್ನು 'ರೇಡಿಯಾಲಜಿ ರೆಡಿನೆಸ್' ಎಂಬ ಪ್ರಶ್ನಾವಳಿಯ ಮೂಲಕ ಪರಿಶೀಲಿಸುವುದು ಇದರ ಪದ್ಧತಿ. ನೀವು ಯಾವ ಸಂಸ್ಥೆಯ ಮೂಲಕ ಹೋದರೂ ಇಂಥದೊಂದು ವರದಿ ಇದೆಯೇ ಎಂದು ಕೇಳಿ ಓದಿಕೊಳ್ಳಿ.

ಇವಲ್ಲದೆ ಅಮೆರಿಕದ ಎಸ್‌ಐಆರ್, ಯುರೋಪಿನ ಸಿರ್ಸೆ ಮತ್ತು ನಮ್ಮ ದೇಶದ ಐಎಸ್‌ವಿಐಆರ್ ಎಂಬ ವೃತ್ತಿಸಂಘಗಳಿವೆ. ಇವುಗಳ ವಾರ್ಷಿಕ ಸಮ್ಮೇಳನಗಳಲ್ಲಿ ಆಫ್ರಿಕಾ ಮತ್ತು ಏಷ್ಯಾದ ಕಿರಿಯ ತಜ್ಞರನ್ನು ನೇರವಾಗಿ ಮಾತಾಡಿಸಬಹುದು. ಪೋಸ್ಟರ್ ಸಾಲಿನಲ್ಲಿ ನಿಂತು ಅರ್ಧ ಗಂಟೆ ಮಾತಾಡಿದರೆ ಇಮೇಲಿನಲ್ಲಿ ತಿಂಗಳುಗಟ್ಟಲೆ ಸಿಗದ ಉತ್ತರ ಸಿಕ್ಕಿಬಿಡುತ್ತದೆ.

ಎಚ್ಚರಿಕೆ: ನೋಂದಣಿ ಶುಲ್ಕವೆಂದು ದೊಡ್ಡ ಮೊತ್ತ ಕೇಳಿ, ಆತಿಥೇಯ ಆಸ್ಪತ್ರೆಯ ವಿಭಾಗ ಮುಖ್ಯಸ್ಥರೊಂದಿಗೆ ಮಾತಾಡಲು ಬಿಡದ ಮಧ್ಯವರ್ತಿಗಳಿಂದ ದೂರವಿರಿ.

3. ಆತಿಥೇಯರೊಂದಿಗೆ ಮಾತಾಡಿ ಚಿಕಿತ್ಸೆಗಳನ್ನು ನಿಶ್ಚಯಿಸಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ, ಆದರೂ ಹೆಚ್ಚಿನವರು ಅವಸರದಲ್ಲಿ ದಾಟಿಬಿಡುವುದೂ ಇದನ್ನೇ. ಹೊರಡುವುದಕ್ಕೆ ಮೂರು ತಿಂಗಳಿಗೆ ಮೊದಲೇ ಅಲ್ಲಿನ ತಜ್ಞರೊಂದಿಗೆ ವಿಡಿಯೊ ಕರೆಯಲ್ಲಿ ಕುಳಿತು ಯಾವ ರೋಗಿಗಳು ಕಾಯುತ್ತಿದ್ದಾರೆ, ಯಾವ ಯಂತ್ರ ನಡೆಯುತ್ತಿದೆ, ರಕ್ತನಿಧಿ ರಾತ್ರಿಯೂ ತೆರೆದಿರುತ್ತದೆಯೇ, ತೊಡಕಾದರೆ ಶಸ್ತ್ರಚಿಕಿತ್ಸಕರು ಎಷ್ಟು ಹೊತ್ತಿನಲ್ಲಿ ಬರಬಲ್ಲರು ಎಂಬ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ. ಕೇಳಲು ಸಂಕೋಚವಾಗುವ ಇನ್ನೊಂದು ಪ್ರಶ್ನೆಯೂ ಇದೆ: ಈ ಚಿಕಿತ್ಸೆಯ ಖರ್ಚನ್ನು ರೋಗಿ ಭರಿಸಬೇಕೇ, ಹಾಗಿದ್ದರೆ ಎಷ್ಟು? ನೀವು ಪುಕ್ಕಟೆ ದುಡಿದ ಮಾತ್ರಕ್ಕೆ ಸಿಟಿ ಸ್ಕ್ಯಾನ್, ಹಾಸಿಗೆ, ಔಷಧ ಪುಕ್ಕಟೆಯಾಗುವುದಿಲ್ಲ.

ನೆಫ್ರಾಸ್ಟಮಿಯನ್ನೇ ಹತ್ತಿರದಿಂದ ನೋಡೋಣ. ಪೂರ್ವ ಆಫ್ರಿಕಾದಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತುಂಬಾ ಸಾಮಾನ್ಯ, ಅದು ಹಲವರಲ್ಲಿ ಪತ್ತೆಯಾಗುವುದು ಮೂತ್ರನಾಳಗಳನ್ನು ಒತ್ತಿಹಿಡಿಯುವಷ್ಟು ಬೆಳೆದ ಮೇಲೆ. ಮೂತ್ರಪಿಂಡ ಊದಿಕೊಂಡು ಅದು ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ ಏರಿದಾಗ ಕೀಮೋಥೆರಪಿ ಕೊಡುವುದು ಕಷ್ಟವಾಗುತ್ತದೆ. ಎಂಟು ಫ್ರೆಂಚ್, ಅಂದರೆ ಮೂರು ಮಿಲಿಮೀಟರಿಗಿಂತ ತುಸು ಕಡಿಮೆ ದಪ್ಪದ ನಳಿಕೆಯೊಂದನ್ನು ಅಲ್ಟ್ರಾಸೌಂಡ್ ನೋಡುತ್ತ ಬೆನ್ನಿನಿಂದ ಒಳಗಿಟ್ಟರೆ ಮೂತ್ರಪಿಂಡ ಚೇತರಿಸಿಕೊಂಡು ಆ ಮಹಿಳೆ ಮತ್ತೆ ಕ್ಯಾನ್ಸರ್ ಚಿಕಿತ್ಸೆಗೆ ಅರ್ಹಳಾಗಬಹುದು. ಇಲ್ಲಿಯವರೆಗೆ ಎಲ್ಲವೂ ಸರಿ. ಆದರೆ ಆ ನಳಿಕೆ ಶಾಶ್ವತವಲ್ಲ. ಸುಮಾರು ಎರಡು ಮೂರು ತಿಂಗಳಿಗೊಮ್ಮೆ ಅದನ್ನು ಬದಲಾಯಿಸಬೇಕು, ಇಲ್ಲದಿದ್ದರೆ ಲವಣ ಕಟ್ಟಿಕೊಂಡು ಮುಚ್ಚಿಹೋಗುತ್ತದೆ, ಸೋಂಕು ಏರುತ್ತದೆ. ಬಸ್ಸಿನಲ್ಲಿ ಇಡೀ ದಿನ ಪ್ರಯಾಣ ಮಾಡಿ ಬಂದ ರೋಗಿ ಮತ್ತೆ ಬರಬಲ್ಲಳೇ, ಬಂದಾಗ ಬದಲಿ ನಳಿಕೆ ಕಪಾಟಿನಲ್ಲಿರುತ್ತದೆಯೇ, ಬದಲಾಯಿಸುವ ಕೈ ಯಾರದು? ಈ ಮೂರಕ್ಕೂ ಉತ್ತರವಿಲ್ಲದೆ ಹಾಕಿದ ನಳಿಕೆ, ನೀವು ವಿಮಾನ ಹತ್ತಿದ ಮೇಲೆ ಆ ಊರಿನ ಕಿರಿಯ ವೈದ್ಯರ ಹೆಗಲಿಗೆ ಬೀಳುತ್ತದೆ. ಪಿತ್ತನಾಳಕ್ಕೆ ಹಾಕುವ ಡ್ರೈನ್‌ಗಳ ವಿಚಾರವೂ ಹೀಗೆಯೇ.

ಆದ್ದರಿಂದ ಮೊದಲ ಭೇಟಿಯಲ್ಲಿ ಒಂದೇ ಸಲಕ್ಕೆ ಮುಗಿಯುವ ಚಿಕಿತ್ಸೆಗಳಿಗೆ ಆದ್ಯತೆ ಕೊಡಿ. ಬಯಾಪ್ಸಿ ಅಂಥದ್ದು, ಆದರೆ ಆ ತುಣುಕನ್ನು ಓದುವ ಪೆಥಾಲಜಿಸ್ಟ್ ಇದ್ದಾರೆಯೇ ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಮಾಡುವ ಎಂಬೊಲೈಸೇಷನ್, ಅಂದರೆ ರಕ್ತ ಸೋರುವ ನಾಳವನ್ನು ಒಳಗಿನಿಂದಲೇ ಮುಚ್ಚುವುದು, ಇನ್ನೊಂದು ಉದಾಹರಣೆ. ಇದಕ್ಕೆ ನಾಳ ಮುಚ್ಚುವ ದುಬಾರಿ ಲೋಹದ ಸುರುಳಿಗಳೇ ಬೇಕೆಂದಿಲ್ಲ. ಜೆಲಾಟಿನ್ ಸ್ಪಂಜನ್ನು ಕತ್ತರಿಯಿಂದ ಸಣ್ಣಗೆ ತುಂಡರಿಸಿ, ಎರಡು ಸಿರಿಂಜುಗಳ ನಡುವೆ ಮೂರು ಬಾಯಿಯ ಸ್ಟಾಪ್‌ಕಾಕ್ ಇಟ್ಟು, ಕಾಂಟ್ರಾಸ್ಟ್ ಎಂಬ, ಎಕ್ಸ್‌ರೇಯಲ್ಲಿ ಕಾಣುವ ದ್ರಾವಣದೊಂದಿಗೆ ಅತ್ತಿತ್ತ ತಳ್ಳುತ್ತ ಗಂಜಿಯಂತೆ ಮಾಡಿಕೊಂಡರೆ ಕೆಲಸವಾಗುತ್ತದೆ. ಸ್ಪಂಜು ಕೆಲವು ವಾರಗಳಲ್ಲಿ ಕರಗುತ್ತದೆ, ನಾಳ ಮತ್ತೆ ತೆರೆದುಕೊಳ್ಳುತ್ತದೆ. ಸ್ಥಳೀಯವಾಗಿ ಸಿಗುವ ಅಗ್ಗದ ಸಾಮಗ್ರಿಯಲ್ಲಿ ಮಾಡಬಹುದಾದುದನ್ನು ಕಲಿಸಿದರೆ ಮಾತ್ರ ಅದು ನೀವಿಲ್ಲದಾಗಲೂ ನಡೆಯುತ್ತದೆ.

4. ಕಾಗದಪತ್ರಗಳು

ಬೇಕಾಗುವವು ಇಷ್ಟು: ಆರು ತಿಂಗಳಿಗಿಂತ ಹೆಚ್ಚು ಅವಧಿ ಉಳಿದಿರುವ ಪಾಸ್‌ಪೋರ್ಟ್, ಪದವಿ ಮತ್ತು ಸ್ನಾತಕೋತ್ತರ ಪ್ರಮಾಣಪತ್ರಗಳು, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ, ನಿಮ್ಮ ಮೇಲೆ ಶಿಸ್ತುಕ್ರಮವಿಲ್ಲವೆಂದು ದೃಢೀಕರಿಸುವ ಗುಡ್ ಸ್ಟ್ಯಾಂಡಿಂಗ್ ಪ್ರಮಾಣಪತ್ರ, ಆತಿಥೇಯ ಆಸ್ಪತ್ರೆಯ ಆಹ್ವಾನಪತ್ರ. ಸರ್ಕಾರಿ ಸೇವೆಯಲ್ಲಿರುವವರು ವಿದೇಶ ಪ್ರಯಾಣಕ್ಕೆ ಇಲಾಖೆಯ ಪೂರ್ವಾನುಮತಿಯನ್ನೂ ಪಡೆಯಬೇಕು. ಕಡತ ಮೇಜಿನಿಂದ ಮೇಜಿಗೆ ಹೋಗುವ ಹೊತ್ತನ್ನು ಲೆಕ್ಕಕ್ಕೆ ಹಿಡಿದೇ ಟಿಕೆಟ್ ಕಾಯ್ದಿರಿಸಿ.

ಟಾಂಜಾನಿಯಾದಲ್ಲಿ ರೋಗಿಯನ್ನು ಮುಟ್ಟಬೇಕಾದರೆ ಮೆಡಿಕಲ್ ಕೌನ್ಸಿಲ್ ಆಫ್ ಟ್ಯಾಂಗನಿಕಾ ಎಂಬ ಅಲ್ಲಿನ ವೈದ್ಯಕೀಯ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿ ಬೇಕು. ಪ್ರವಾಸಿ ವೀಸಾದಲ್ಲಿ ಹೋಗಿ ಚಿಕಿತ್ಸೆ ಮಾಡುವ ಅಭ್ಯಾಸವನ್ನು ಕೆಲವರು ಸಹಜವೆಂಬಂತೆ ಹೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತೊಡಕೊಂದು ಸಂಭವಿಸಿದಾಗ ಕಾನೂನಿನ ಕಣ್ಣಿಗೆ ನೀವು ಅಲ್ಲಿ ವೈದ್ಯರೇ ಆಗಿರುವುದಿಲ್ಲ, ನಿಮ್ಮನ್ನು ಕರೆಸಿದ ಆಸ್ಪತ್ರೆಯೂ ಇಕ್ಕಟ್ಟಿಗೆ ಸಿಲುಕುತ್ತದೆ. ನಿಮ್ಮ ವೃತ್ತಿ ವಿಮೆಯ ಪತ್ರವನ್ನೂ ತೆಗೆದು ಓದಿ. ಭಾರತದಲ್ಲಿ ಮಾರುವ ಬಹುಪಾಲು ಪಾಲಿಸಿಗಳು ದೇಶದ ಗಡಿಯಾಚೆಯ ಚಿಕಿತ್ಸೆಗೆ ಅನ್ವಯಿಸುವುದಿಲ್ಲ. ಆತಿಥೇಯ ಆಸ್ಪತ್ರೆ ಅಥವಾ ಸಂಸ್ಥೆ ವಿಮೆ ಒದಗಿಸುತ್ತದೆಯೇ ಎಂಬುದನ್ನು ಲಿಖಿತವಾಗಿ ಪಡೆಯಿರಿ.

ಅಮೆರಿಕ, ಬ್ರಿಟನ್ ಅಥವಾ ಕೊಲ್ಲಿ ದೇಶಗಳಲ್ಲಿರುವ ಕನ್ನಡಿಗ ವೈದ್ಯರು ತವರಿಗೆ ಬಂದು ಕಲಿಸಲು ಬಯಸುವುದುಂಟು. ವಿದೇಶಿ ಪೌರತ್ವ ಪಡೆದವರಾಗಿದ್ದರೆ ಅವರಿಗೂ ಇದೇ ನ್ಯಾಯ: ರಾಷ್ಟ್ರೀಯ ವೈದ್ಯಕೀಯ ಆಯೋಗದ ಅನುಮತಿಯಿಲ್ಲದೆ ಚಿಕಿತ್ಸೆ ಮಾಡುವಂತಿಲ್ಲ, ಉಪನ್ಯಾಸಕ್ಕಷ್ಟೇ ಸೀಮಿತವಾಗಬೇಕು. ಅವರೊಂದಿಗೆ ಹಣವೂ ಬರುವುದಾದರೆ, ಅದನ್ನು ಪಡೆಯುವ ಟ್ರಸ್ಟ್ 2010ರ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ಮೊದಲು ನೋಡಿ.

5. ಸಾಮಗ್ರಿ

ಅವಧಿ ಮುಗಿದ ಕ್ಯಾತೆಟರುಗಳನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋಗುವುದು ಐಆರ್ ಸ್ವಯಂಸೇವೆಯ ಹಳೆಯ ದುರಭ್ಯಾಸ. ನಿಮ್ಮ ಆಸ್ಪತ್ರೆಯಲ್ಲಿ ಬಳಸಲು ಒಪ್ಪದ ವಸ್ತುವನ್ನು ಅಲ್ಲಿಗೂ ಒಯ್ಯಬೇಡಿ. ದಾನವಾಗಿ ಕೊಡುವ ಔಷಧಗಳಿಗೆ ತಲುಪುವ ಹೊತ್ತಿಗೆ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಸಾಧನಗಳಿಗೂ ಅದೇ ಅಳತೆಯನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಟಾಂಜಾನಿಯಾದಲ್ಲಿ ಔಷಧ ಮತ್ತು ವೈದ್ಯಕೀಯ ಸಾಧನಗಳ ಆಮದನ್ನು ಟಿಎಂಡಿಎ ಎಂಬ ಪ್ರಾಧಿಕಾರ ನಿಯಂತ್ರಿಸುತ್ತದೆ. ವಸ್ತುಗಳ ಹೆಸರು, ಸಂಖ್ಯೆ, ಅವಧಿ ಮತ್ತು ಬೆಲೆಯ ಪಟ್ಟಿಯನ್ನು ಆಸ್ಪತ್ರೆಗೆ ಮೊದಲೇ ಕಳಿಸಿ, ಅವರ ಮೂಲಕ ಅನುಮತಿ ಪಡೆದು, ಅದರ ಪ್ರತಿಯನ್ನು ಕೈಚೀಲದಲ್ಲಿಟ್ಟುಕೊಳ್ಳಿ. ಇಲ್ಲವಾದರೆ ನಿಮ್ಮ ಎರಡು ವಾರಗಳಲ್ಲಿ ಮೊದಲ ಮೂರು ದಿನ ಕಸ್ಟಮ್ಸ್ ಗೋದಾಮಿನ ಮುಂದೆಯೇ ಕಳೆದೀತು.

ಸಣ್ಣ ಸಂಗತಿಗಳೂ ಮುಖ್ಯ. ಟಾಂಜಾನಿಯಾದ ವಿದ್ಯುತ್ ಸಾಕೆಟ್ ಹೆಚ್ಚಾಗಿ ಬ್ರಿಟಿಷ್ ಮಾದರಿಯದು, ಮೂರು ಚಪ್ಪಟೆ ಕಡ್ಡಿಗಳಿರುವಂಥದ್ದು. ನಮ್ಮ ಪ್ಲಗ್ ಅದಕ್ಕೆ ಕೂರುವುದಿಲ್ಲ. ತಂತಿ ಮತ್ತು ಸೂಜಿಯ ಅಳತೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಮನೆಯಲ್ಲೇ ಜೋಡಿಸಿ ನೋಡಿ. 0.035 ಇಂಚಿನ ತಂತಿ 21 ಗೇಜಿನ ಸೂಜಿಯಲ್ಲಿ ಹೋಗುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ, ಆದರೆ ದಾನದ ಪೆಟ್ಟಿಗೆ ತುಂಬಿಸಿದವರಿಗೆ ಗೊತ್ತಿರಬೇಕೆಂದಿಲ್ಲ.

6. ನಿಮ್ಮ ಆರೋಗ್ಯ ಮತ್ತು ವಿಕಿರಣ ರಕ್ಷಣೆ

ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡದ್ದು ಮಾತ್ರ ಸಾಲದು, ರಕ್ತದಲ್ಲಿ ಪ್ರತಿಕಾಯದ ಮಟ್ಟ ಪ್ರತಿ ಮಿಲಿಲೀಟರಿಗೆ 10 mIUಗಿಂತ ಹೆಚ್ಚಿದೆಯೇ ಎಂದು ಪರೀಕ್ಷಿಸಿಕೊಳ್ಳಿ. ಸೂಜಿ ಚುಚ್ಚಿಕೊಂಡರೆ ಎಚ್‌ಐವಿ ತಡೆಯುವ ಔಷಧವನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ, ಆರಂಭಿಸಿ 28 ದಿನ ತೆಗೆದುಕೊಳ್ಳಬೇಕು. ಆ ಔಷಧ ಆಸ್ಪತ್ರೆಯ ಯಾವ ಕೋಣೆಯಲ್ಲಿ ಸಿಗುತ್ತದೆ ಎಂಬುದನ್ನು ಮೊದಲ ದಿನವೇ ಕೇಳಿಟ್ಟುಕೊಳ್ಳಿ. ಮಲೇರಿಯಾ ತಡೆಯ ಮಾತ್ರೆ ಕಡ್ಡಾಯವೆಂದೇ ತಿಳಿಯಿರಿ. ಡಾಕ್ಸಿಸೈಕ್ಲಿನ್ ಆರಿಸಿಕೊಂಡರೆ ಮರಳಿ ಬಂದ ಮೇಲೂ ನಾಲ್ಕು ವಾರ ಮುಂದುವರಿಸಬೇಕು.

ಹಳದಿ ಜ್ವರದ ಲಸಿಕೆಯ ವಿಷಯದಲ್ಲಿ ಎಡವುವವರು ಬಹಳ. ತೊಂದರೆ ಹೆಚ್ಚಾಗಿ ಎದುರಾಗುವುದು ಮರಳಿ ಬರುವಾಗ. ಕೀನ್ಯಾ, ಇಥಿಯೋಪಿಯಾ, ಉಗಾಂಡಾಗಳಂಥ ದೇಶಗಳಿಂದ ಭಾರತಕ್ಕೆ ಬಂದಿಳಿಯುವವರು ಪ್ರಮಾಣಪತ್ರ ತೋರಿಸಬೇಕು, ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿರಿಸಬಹುದು. ದಾರ್ ಎಸ್ ಸಲಾಮ್‌ಗೆ ಹೋಗುವ ಹಲವು ವಿಮಾನಗಳು ನೈರೋಬಿ ಅಥವಾ ಆಡಿಸ್ ಅಬಾಬಾದ ಮೂಲಕವೇ ಸಾಗುತ್ತವೆ. ಲಸಿಕೆಯನ್ನು ಸರ್ಕಾರ ಮಾನ್ಯಮಾಡಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು, ಪ್ರಮಾಣಪತ್ರ ಊರ್ಜಿತವಾಗುವುದು ಹತ್ತು ದಿನಗಳ ನಂತರ. ಒಮ್ಮೆ ಹಾಕಿಸಿಕೊಂಡರೆ ಜೀವಮಾನವಿಡೀ ಸಾಕು.

ವಿಕಿರಣಕ್ಕೆ ಬಂದರೆ, ಸೀಸದ ಏಪ್ರನ್ ಅಲ್ಲಿಯೂ ಇರುತ್ತದೆ, ಆದರೆ ಮಡಚಿಟ್ಟು ಒಳಗೆ ಬಿರುಕುಬಿಟ್ಟಿರಬಹುದು. ಫ್ಲೂರೋಸ್ಕೋಪಿಯ ಕೆಳಗೆ, ಅಂದರೆ ಎಕ್ಸ್‌ರೇಯ ನೇರ ಚಲನಚಿತ್ರದಲ್ಲಿ, ಏಪ್ರನ್ನನ್ನು ಹರಡಿ ನೋಡಿದರೆ ಬಿರುಕು ಕಾಣುತ್ತದೆ. ಥೈರಾಯ್ಡ್ ಕವಚ ಮತ್ತು ಸೀಸದ ಕನ್ನಡಕವನ್ನು ಮನೆಯಿಂದಲೇ ಒಯ್ಯಿರಿ. ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ದೇಹ ಪಡೆದ ವಿಕಿರಣದ ಅಳತೆ), ಯಾವುದೇ ಒಂದು ವರ್ಷದಲ್ಲಿ 30. ಹೊರದೇಶದಲ್ಲಿ ಪಡೆದ ವಿಕಿರಣವೂ ನಿಮ್ಮ ದೇಹಕ್ಕೇ ಸೇರುವುದರಿಂದ ಅಳೆಯುವ ಸಾಧನವನ್ನು ಧರಿಸಿ, ಲೆಕ್ಕವನ್ನು ನಿಮ್ಮ ಆಸ್ಪತ್ರೆಯ ವಿಕಿರಣ ಸುರಕ್ಷತಾ ಅಧಿಕಾರಿಗೆ ಕೊಡಿ.

7. ಅಲ್ಲಿ ಕೆಲಸ ಮಾಡುವ ಬಗೆ

ಮೊದಲ ದಿನ ಸೂಜಿ ಹಿಡಿಯಬೇಡಿ. ಅವರು ಹೇಗೆ ಮಾಡುತ್ತಾರೆಂದು ನೋಡಿ, ಕಪಾಟಿನಲ್ಲಿ ಏನಿದೆಯೆಂದು ತೆಗೆದು ನೋಡಿ. ಮೊದಲ ವಾರದ ಮುಂಜಾನೆಗಳಲ್ಲಿ ಕೋಳಿಯ ಎದೆಮಾಂಸದೊಳಗೆ ದ್ರಾಕ್ಷಿ ಹುದುಗಿಸಿ, ಅದನ್ನೇ ಗಡ್ಡೆಯೆಂದು ಭಾವಿಸಿ ಅಲ್ಟ್ರಾಸೌಂಡ್ ನೋಡುತ್ತ ಸೂಜಿ ಹಾಕುವ ಅಭ್ಯಾಸ ಮಾಡಿಸಬಹುದು. ಇದಕ್ಕೆ ಖರ್ಚು ಕಡಿಮೆ, ಕೈ ಬೇಗ ಪಳಗುತ್ತದೆ. ಚಿಕಿತ್ಸೆಯ ಸಮಯದಲ್ಲಿ ಮುಖ್ಯ ಜಾಗದಲ್ಲಿ ನಿಲ್ಲಬೇಕಾದವರು ಅಲ್ಲಿನ ತರಬೇತಾರ್ಥಿ. ನಿಮ್ಮ ಜಾಗ ಸಹಾಯಕರದು. ತಡವಾಗುತ್ತದೆ, ಕೈ ತುರಿಸುತ್ತದೆ, ಆದರೂ ರೋಗಿಗೆ ಅಪಾಯವಿಲ್ಲದಷ್ಟು ಹೊತ್ತು ತಾಳ್ಮೆ ಇರಲಿ.

ಒಪ್ಪಿಗೆ ಪತ್ರವನ್ನು ಸ್ವಾಹಿಲಿಯಲ್ಲಿ, ಅಲ್ಲಿನ ವೈದ್ಯರೇ ವಿವರಿಸಬೇಕು. ನೀವು ನಾಲ್ಕಾರು ಮಾತು ಕಲಿತರೂ ಉಪಕಾರ: 'ವುಟಾ ಪುಮ್ಜಿ' ಎಂದರೆ ಉಸಿರು ಎಳೆದುಕೊಳ್ಳಿ, 'ಟೊವಾ ಪುಮ್ಜಿ' ಎಂದರೆ ಬಿಡಿ, 'ಉಸಿಪುಮುಎ' ಎಂದರೆ ಉಸಿರಾಡಬೇಡಿ. ಯಕೃತ್ತಿಗೆ ಸೂಜಿ ಹಾಕುವ ಕ್ಷಣದಲ್ಲಿ ಈ ಮೂರನೆಯದು ಬೇಕೇ ಬೇಕು.

ತೊಡಕಾದರೆ ಮುಚ್ಚಿಡದೆ ಆ ದಿನವೇ ದಾಖಲಿಸಿ. ಹೊರಡುವ ಕೊನೆಯ ಎರಡು ದಿನ ಹೊಸ, ಕಠಿಣ ಚಿಕಿತ್ಸೆಗಳನ್ನು ಕೈಗೆತ್ತಿಕೊಳ್ಳಬೇಡಿ.

8. ದೂರದಿಂದಲೇ ಸಹಯೋಗ, ಸಂಶೋಧನೆ

ಮನೆ, ಮಕ್ಕಳು, ರಜೆ, ಹಣ, ಯಾವುದೋ ಒಂದರ ಕಾರಣಕ್ಕೆ ಹೋಗಲಾಗದವರು ವಾರಕ್ಕೊಂದು ಗಂಟೆ ವಿಡಿಯೊದಲ್ಲಿ ಪಾಠ ಮಾಡಬಹುದು, ಪ್ರಕರಣ ಚರ್ಚಿಸಬಹುದು. ಬೆಂಗಳೂರಿಗೂ ದಾರ್ ಎಸ್ ಸಲಾಮ್‌ಗೂ ಇರುವ ಅಂತರ ಎರಡೂವರೆ ಗಂಟೆ ಮಾತ್ರ. ಅಮೆರಿಕದವರಿಗೆ ನಡುರಾತ್ರಿಯಾಗುವ ಹೊತ್ತು ನಮಗೆ ಹಗಲು, ಈ ಅನುಕೂಲವನ್ನು ನಾವು ಸಾಕಷ್ಟು ಬಳಸಿಕೊಂಡಿಲ್ಲ. ಸ್ಕ್ಯಾನ್ ಚಿತ್ರಗಳನ್ನು ವಾಟ್ಸಾಪಿನಲ್ಲಿ ಹಾಗೆಯೇ ಕಳಿಸಬೇಡಿ ಎಂದು ಎರಡೂ ಕಡೆಯವರಿಗೆ ಹೇಳಿ. ಅಲ್ಟ್ರಾಸೌಂಡ್ ಚಿತ್ರದ ಮೂಲೆಯಲ್ಲೇ ರೋಗಿಯ ಹೆಸರು ಅಚ್ಚಾಗಿರುತ್ತದೆ, ಫೈಲಿನ ಮಾಹಿತಿಯನ್ನು ಅಳಿಸಿದರೂ ಅದು ಉಳಿಯುತ್ತದೆ.

ಸಂಶೋಧನೆಗೆ ಮುಂದಾದರೆ ಟಾಂಜಾನಿಯಾದಲ್ಲಿ ಎನ್‌ಐಎಂಆರ್ ಎಂಬ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯ ನೈತಿಕ ಒಪ್ಪಿಗೆ, ವಿದೇಶಿಯರಿಗೆ ವಿಜ್ಞಾನ ಮತ್ತು ತಂತ್ರಜ್ಞಾನ ಆಯೋಗವಾದ ಕೋಸ್ಟೆಕ್‌ನ ಸಂಶೋಧನಾ ಪರವಾನಗಿ ಬೇಕು. ಭಾರತದ ರೋಗಿಗಳ ಮಾಹಿತಿಯೂ ಸೇರುವ ಅಂತರರಾಷ್ಟ್ರೀಯ ಅಧ್ಯಯನವಾದರೆ ನಿಮ್ಮ ಸಂಸ್ಥೆಯ ನೈತಿಕ ಸಮಿತಿಯ ಜೊತೆಗೆ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಸಮಿತಿಯ ಅನುಮತಿಯ ಅಗತ್ಯವಿದೆಯೇ ಎಂದು ಐಸಿಎಂಆರ್‌ನಲ್ಲಿ ವಿಚಾರಿಸಿ. ಲೇಖಕರ ಹೆಸರುಗಳ ಕ್ರಮವನ್ನು ಮಾಹಿತಿ ಸಂಗ್ರಹಿಸುವ ಮೊದಲೇ ಬರೆದಿಟ್ಟುಕೊಳ್ಳಿ. ರೋಗಿಗಳು ಅಲ್ಲಿನವರು, ರಾತ್ರಿ ಕಾಯ್ದವರು ಅಲ್ಲಿನವರು, ಮೊದಲ ಹೆಸರು ಮಾತ್ರ ಹೊರಗಿನವರದು ಎಂಬ ಪ್ರಬಂಧಗಳು ಈಗಾಗಲೇ ಸಾಕಷ್ಟಾಗಿವೆ.

9. ಮರಳಿದ ಮೇಲೆ

ನಳಿಕೆ ಉಳಿದಿರುವ ಪ್ರತಿ ರೋಗಿಯ ಪಟ್ಟಿ ಅಲ್ಲಿನವರ ಬಳಿಯೂ ನಿಮ್ಮ ಬಳಿಯೂ ಇರಲಿ, ಹೆಸರಿನ ಬದಲು ಸಂಕೇತ ಸಂಖ್ಯೆ ಸಾಕು. ಮೂವತ್ತು ದಿನಗಳ ನಂತರ ಒಮ್ಮೆ ಕರೆ ಮಾಡಿ ಒಬ್ಬೊಬ್ಬರ ಸ್ಥಿತಿಯನ್ನೂ ವಿಚಾರಿಸಿ. ಮುಂದೆ ಹೋಗುವ ತಂಡಕ್ಕೆ ಎರಡು ಪುಟದ ಟಿಪ್ಪಣಿ ಬರೆಯಿರಿ: ಯಾವ ಯಂತ್ರ ಕೆಟ್ಟಿದೆ, ಯಾವ ಅಳತೆಯ ನಳಿಕೆ ಮುಗಿದಿದೆ, ಯಾವ ತರಬೇತಾರ್ಥಿ ಯಾವ ಚಿಕಿತ್ಸೆಯನ್ನು ಸ್ವತಂತ್ರವಾಗಿ ಮಾಡುವ ಹಂತಕ್ಕೆ ಬಂದಿದ್ದಾರೆ. ಸಾಧ್ಯವಿದ್ದರೆ ಮರುವರ್ಷವೂ ಅದೇ ಊರಿಗೆ ಹೋಗಿ, ಹೊಸ ದೇಶ ಹುಡುಕಬೇಡಿ.

ನಿಮಗೇ ಜ್ವರ ಬಂದರೆ, ಅದು ಮರಳಿದ ಎರಡು ತಿಂಗಳ ನಂತರವೇ ಇರಲಿ, ವೈರಲ್ ಇರಬಹುದೆಂದು ಮನೆಯಲ್ಲೇ ಕೂರಬೇಡಿ. ಪೂರ್ವ ಆಫ್ರಿಕಾಕ್ಕೆ ಹೋಗಿ ಬಂದದ್ದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ತಿಳಿಸಿ, ಅದೇ ದಿನ ಮಲೇರಿಯಾ ಪರೀಕ್ಷೆ ಮಾಡಿಸಿ. ಮೊದಲ ಪರೀಕ್ಷೆಯಲ್ಲಿ ಏನೂ ಕಾಣದೆ ಜ್ವರ ಮುಂದುವರಿದರೆ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು.